ಫೋನ್‌ನಾಗ ಅದ

ಮಧ್ಯಾಹ್ನ ಮೂರೂ ಇಪ್ಪತ್ತಕ್ಕೆ ಆಕ್ಸಿಜನ್ನಿನ ಸಪ್ಪಳ ನಿಂತಿತು. ದೇವದುರ್ಗದಿಂದ ರಾಯಚೂರಿಗೆ ಹೊರಟ ಖಾಸಗಿ ಆಂಬುಲೆನ್ಸ್‌ನಲ್ಲಿ ನಾನು, ನನ್ನ ತಂಗಿ, ಅವಳ ಮಡಿಲಲ್ಲಿ ಉಸಿರಾಟದ ತೊಂದರೆಯಿದ್ದ ಹಸಿ ಕೂಸು.

“ಅಕ್ಕಾ, ಸಪ್ಪಳ ನಿಂತದ,” ಅಂದಳು ತಂಗಿ.

ಡ್ರೈವರ್‌ಗೆ ಕೂಗಿ ಹೇಳಿದೆ. ಅವನು ಗಾಡಿ ನಿಧಾನ ಮಾಡಿ, ಮುಂದೆ ಸಿಗಿಸಿದ್ದ ಫೋನಿನ ಆ್ಯಪ್‌ನಲ್ಲಿ ಟ್ರಿಪ್ಪಿನ ಪುಟ ತೋರಿಸಿದ. “ಸಿಲಿಂಡರ್ ಪೂರ್ತಿ ಅಂತ ಅದರಿ ಅಕ್ಕಾರ. ಫೋನ್‌ನಾಗ ಅದ ನೋಡ್ರಿ.”

ಆ ಆ್ಯಪ್ ಮಾಡಿದ್ದು ರಾಯಚೂರಿನ ನಮ್ಮ ಆಫೀಸು. ಎಂಜಿನಿಯರಿಂಗ್ ಮುಗಿಸಿ ನಾನು ಅಲ್ಲೇ ಕೆಲಸಕ್ಕಿದ್ದೆ. ಗಾಡಿಯ ಪುಟ ತೆಗೆಯಿರಿ ಎಂದೆ. ಅದೇ ಫೋನು, ಅದೇ ಗಾಡಿ. ಅಲ್ಲಿ ಬರೆದಿತ್ತು: ಸಿಲಿಂಡರ್ ಮುಗಿಯುತ್ತಿದೆ, ಬದಲಿಸಿ.

ಅದು ಮಾನ್ವಿಯಿಂದ ಬಂದ ಗಾಡಿ. ಮಾನ್ವಿ, ದೇವದುರ್ಗದ ಡ್ರೈವರ್‌ಗಳು ಸಿರವಾರದ ಕ್ರಾಸಿನಲ್ಲಿ ಗಾಡಿ ಬದಲಿಸಿಕೊಂಡು ತಂತಮ್ಮ ಊರಿನ ಕಡೆ ತಿರುಗುವುದು ರೂಢಿ. ಮೊದಲೆಲ್ಲ ಚಾವಿ ಕೊಡುವಾಗ ಬ್ರೇಕು, ಟೈರು, ಸಿಲಿಂಡರ್ ಎಲ್ಲದರ ವರದಿ ಒಪ್ಪಿಸಿ, ಒಂದಿಷ್ಟು ಬೈದಾಡಿ, ಚಹಾ ಕುಡಿದು ಹೋಗುತ್ತಿದ್ದರು. ಆ್ಯಪ್ ಬಂದ ಮೇಲೆ ಅಷ್ಟೂ ಮಾತು ಎರಡು ಶಬ್ದಕ್ಕಿಳಿಯಿತು: ಫೋನ್‌ನಾಗ ಅದ. ಬಗ್ಗಿ ಸಿಲಿಂಡರಿನ ಮೀಟರಿನ ಮುಳ್ಳು ನೋಡುವುದೂ ನಿಂತಿತು. ಮಾನ್ವಿಯವನು ಬೆಳಿಗ್ಗೆಯೇ ಗಾಡಿಯ ಪುಟದಲ್ಲಿ ಒತ್ತಿ ತಿಳಿಸಿದ್ದ. ಟ್ರಿಪ್ಪಿನ ಪುಟಕ್ಕೆ ಆ ಸುದ್ದಿ ಮುಟ್ಟಿರಲಿಲ್ಲ.

ಯಾಕೆಂದರೆ ನಮ್ಮ ಆಫೀಸಿನ ಮುಖ್ಯಸ್ಥ, ತನ್ನನ್ನು ತಾನೇ ಸಾಫ್ಟ್‌ವೇರ್ ಆರ್ಕಿಟೆಕ್ಟ್ ಎಂದು ಕರೆದುಕೊಳ್ಳುವ ಮಹಾಶಯ, ಸರ್ವರ್‌ನಿಂದ ಬಂದ ಗಾಡಿಯ ಮಾಹಿತಿಯನ್ನು ಫೋನಿನ ಕ್ಯಾಶ್ ಎಂಬ ತಾತ್ಕಾಲಿಕ ಗೂಡಿನಲ್ಲಿ ಪುಟಕ್ಕೊಂದು ಪ್ರತಿಯಂತೆ ತುಂಬಿಟ್ಟಿದ್ದ. ಒಂದು ಪ್ರತಿ ಬದಲಾದರೂ ಇನ್ನೊಂದು ಹಳೆಯದಾಗಿಯೇ ಉಳಿಯುತ್ತಿತ್ತು. ಗಾಡಿಯ ವಿವರ ಒಂದೇ ಕಡೆ ಇರಲಿ, ಟ್ರಿಪ್ಪಿನೊಳಗೆ ಅದರ ಐಡಿ ನಂಬರ್ ಮಾತ್ರ ಸಾಕು ಎಂದು ನಾನು ಹೇಳಿದ್ದಕ್ಕೆ ನಕ್ಕಿದ್ದ. “ಮೇಡಂ, ಕಾಲೇಜಿನ ಪುಸ್ತಕ ಮುಚ್ಚಿಡ್ರಿ. ಸ್ಕ್ರೀನ್ ಜಲ್ದಿ ಓಪನ್ ಆಗಬೇಕ್ರಿ, ಅಷ್ಟ.” ಜಲ್ದಿಯೇ ಓಪನ್ ಆಗುತ್ತಿತ್ತು. ಸುಳ್ಳಿಗೆ ತಡವರಿಕೆ ಎಲ್ಲಿಯದು.

ದಾರಿಯ ಮಧ್ಯದ ಗಬ್ಬೂರು ಬರುವವರೆಗೆ ತಂಗಿ ಕೂಸಿನ ಎದೆಯ ಮೇಲೆ ಅಂಗೈ ಇಟ್ಟು, ಅದು ಏರಿದಾಗೊಮ್ಮೆ “ಹಾಂ” ಎನ್ನುತ್ತಿದ್ದಳು. ಒಂದು “ಹಾಂ” ಬರಲು ತಡವಾಯಿತು. ಆ ತಡ ನನಗೆ ಈಗಲೂ, ಹಲ್ಲುಜ್ಜುವಾಗ, ಬಸ್ಸಿನಲ್ಲಿ ಕೂತಾಗ, ಹಾಗೇ ಮರಳಿ ಬರುತ್ತದೆ. ಗಬ್ಬೂರಿನ ಆಸ್ಪತ್ರೆಯವರು ಬೇರೆ ಸಿಲಿಂಡರ್ ಕೊಟ್ಟರು. ನೀಲಿಗಟ್ಟಿದ್ದ ತುಟಿ ಮೆಲ್ಲಗೆ ಕೆಂಪಾಯಿತು. ಕೂಸು ಉಳಿಯಿತು.

ಆಫೀಸಿಗೆ ಹೋದಾಗ ಮಹಾಶಯ ಕಂಪ್ಯೂಟರಿನಿಂದ ಮುಖ ಎತ್ತಲಿಲ್ಲ. “ಸರ್ವರ್‌ನಾಗ ಕರೆಕ್ಟ್ ಅದರಿ. ರಿಫ್ರೆಶ್ ಮಾಡಿದ್ರ ಬರ್ತಿತ್ತು.”

“ಕೂಸಿಗೆ ಹೇಳ್ಲೇನ್ರಿ, ರಿಫ್ರೆಶ್ ಮಾಡ್ಕೋ ಅಂತ?”

“ಎಮೋಷನಲ್ ಆಗಬ್ಯಾಡ್ರಿ ಮೇಡಂ.”

ಅವನನ್ನು ಕೇಳದೆ ನಾನೇ ಕೂತು ಆ ಭಾಗವನ್ನು ಕಿತ್ತು ಬರೆದೆ. ಪ್ರತಿಗಳೆಲ್ಲ ಹೋದವು. ಪ್ರತಿ ಗಾಡಿಗೂ ಒಂದೇ ಜಾಗ, ಯಾವ ಪುಟವಾದರೂ ಅಲ್ಲಿಂದಲೇ ಓದಬೇಕು. ಅವನು ರಾಯಚೂರಿನ ಬಿಸಿಲಲ್ಲಿ ಕೋಟು ಹಾಕಿಕೊಂಡು ಹೋಗಿ, ಅದಕ್ಕೊಂದು ಇಂಗ್ಲಿಷ್ ಹೆಸರಿಟ್ಟು, ತನ್ನದೇ ಶೋಧವೆಂದು ಆಂಬುಲೆನ್ಸ್ ಮಾಲೀಕರಿಗೆ ತೋರಿಸಿ ಬಂದ. ಬೆವರು ಒರೆಸಿಕೊಳ್ಳುತ್ತ ನಿಂತಿದ್ದನಂತೆ. ಅಷ್ಟಾದರೂ ಆಯಿತಲ್ಲ.

ನಿದ್ದೆ ಮಾತ್ರ ಬರಲಿಲ್ಲ. ಕರೆಂಟು ಹೋಗಿ ಫ್ಯಾನಿನ ಸಪ್ಪಳ ನಿಂತರೆ ನಾನು ಎದ್ದು ಕೂರುತ್ತಿದ್ದೆ. ದೇವದುರ್ಗದಲ್ಲಿ ತಂಗಿಯೂ ಹಾಗೇ, ಕೂಸಿನ ಎದೆಯ ಮೇಲೆ ಕೈ ಇಟ್ಟುಕೊಂಡು.

ಒಂದು ಮಂಗಳವಾರ ಸಿರವಾರದ ಕ್ರಾಸಿಗೆ ಹೋಗಿ ನಿಂತೆ. ಮಾನ್ವಿಯವನು ಗಾಡಿಯ ಪುಟದಲ್ಲಿ “ಅರ್ಧ” ಎಂದು ಒತ್ತಿದ. ನಾನು ದೇವದುರ್ಗದವನ ಫೋನಿನಲ್ಲಿ ಟ್ರಿಪ್ಪಿನ ಪುಟ ತೆಗೆದೆ. ಅಲ್ಲೂ ಅರ್ಧ.

ಚಾವಿ ಕೊಡುತ್ತ ಅವನು, “ಸಿಲಿಂಡರ್ ಅರ್ಧ ಅದ ಲೇ. ಫೋನ್ ನಂಬಿ ಕುಂದ್ರಬ್ಯಾಡ,” ಅಂದ.

“ನಿನ್ನೇ ನಂಬಂಗಿಲ್ಲ, ಫೋನ್ ಏನ್ ನಂಬ್ತೀನಿ,” ಎನ್ನುತ್ತ ದೇವದುರ್ಗದವನು ಬಗ್ಗಿ ಮುಳ್ಳು ನೋಡಿದ.

ಅವನ ಗಾಡಿಯಲ್ಲೇ ತಂಗಿಯ ಮನೆಗೆ ಹೋದೆ. ಆ ರಾತ್ರಿ ಕರೆಂಟು ಹೋಗಿ ಬಹಳ ಹೊತ್ತು ಬರಲೇ ಇಲ್ಲವಂತೆ. ಪಕ್ಕದ ಮನೆಯವರು ಬೆಳಿಗ್ಗೆ ಹೇಳಿದಾಗಲೇ ನಮ್ಮಿಬ್ಬರಿಗೂ ಗೊತ್ತಾದದ್ದು.