ದಾರಕ್ಕೆ ಕಟ್ಟಿದ ಗುಂಡಿಗಳು

ನಮ್ಮ ಅಡುಗೆಮನೆಯಲ್ಲಿ ಉಪ್ಪಿನಕಾಯಿ ಜಾಡಿಗಳಿಗಿಂತ ಗುಂಡಿ ತುಂಬಿದ ಬಾಟಲಿಗಳೇ ಹೆಚ್ಚು. ಅಂಗಿಯ ಗುಂಡಿ, ಕೋಟಿನ ಗುಂಡಿ, ರವಿಕೆಯ ಹುಕ್ಕು, ಟಿಚ್ ಬಟನ್ನು, ಹೊಲಿಯುವಾಗ ಸೂಜಿ ಚುಚ್ಚದಿರಲೆಂದು ಬೆರಳಿಗೆ ತೊಡುವ ಹಿತ್ತಾಳೆಯ ಟೋಪಿ, ಇವೆಲ್ಲ ಮೇಲಿನ ಸಾಲನ್ನು ಆಕ್ರಮಿಸಿಕೊಂಡು ಮೆಂತ್ಯ ಸಾಸಿವೆಗಳನ್ನು ಕೆಳಕ್ಕೆ ತಳ್ಳಿವೆ. ಒಮ್ಮೆ ಕರೆಂಟು ಹೋದಾಗ ನಮ್ಮ ಯಜಮಾನರು ಕಡಲೆಬೇಳೆಯೆಂದು ತಿಳಿದು ಒಂದು ಹಿಡಿ ಹಳದಿ ಗುಂಡಿಗಳನ್ನು ಒಗ್ಗರಣೆಗೆ ಸುರಿದಿದ್ದರು. ಅಂದು ನಾನು ಉಪ್ಪಿಟ್ಟಿಗಾಗಿ ಮರುಗಲಿಲ್ಲ, ಗುಂಡಿಗಳಿಗಾಗಿ ಮರುಗಿದೆ. ಇಂಥವಳ ಜೊತೆ ಸಂಸಾರ ಮಾಡುವುದು ಸುಲಭವಲ್ಲ ಎಂದು ನಿಮಗೆ ಅನ್ನಿಸಿದರೆ, ಅವರಿಗೂ ಹಾಗೇ ಅನ್ನಿಸಿದೆ.

ಎರಡು ಸಾವಿರದ ಇಸವಿಯ ಆಚೀಚಿನ ಆ ವರ್ಷಗಳಲ್ಲಿ ನಾನು ಚಾಮರಾಜನಗರದಲ್ಲಿ ಶಾಲೆಯ ಮೇಡಂ ಆಗಿದ್ದೆ. ರೆಡಿಮೇಡ್ ಅಂಗಡಿಗಳು ತಲೆಯೆತ್ತಿ, ಹೊಲಿಗೆಯ ಅಂಗಡಿಗಳು ಒಂದೊಂದಾಗಿ ಬಾಗಿಲೆಳೆಯುತ್ತಿದ್ದ ಕಾಲ ಅದು. ಒಬ್ಬರ ನಷ್ಟ ಇನ್ನೊಬ್ಬರ ನಿಧಿ ಎಂಬುದು ಕ್ರೂರವಾದ ಮಾತು, ಆದರೆ ನನ್ನ ಪಾಲಿಗೆ ನಿಜ. ಭಾನುವಾರ ಬಸ್ಸು ಹತ್ತಿ ಗುಂಡ್ಲುಪೇಟೆಗೆ ಹೋಗಿ, ಈರುಳ್ಳಿ ಲಾರಿಗಳ ಸಂದಿಯಲ್ಲಿ ಸೆರಗು ಬಾಚಿಕೊಂಡು ನುಸುಳಿ, ಹೆದ್ದಾರಿಯ ಬದಿಯ ಗುಜರಿ ಅಂಗಡಿಗಳಲ್ಲಿ ಮಣ್ಣು ಕೆದಕುವ ಕೋಳಿಯಂತೆ ಕೂತುಬಿಡುತ್ತಿದ್ದೆ. ಘಟ್ಟದ ಆಚೆಯಿಂದ ಬಂದ ಕಪ್ಪೆಚಿಪ್ಪಿನ ಗುಂಡಿಗಳು ಸಿಕ್ಕಿದ್ದು ಅಲ್ಲೇ. ಬೆಳಕಿಗೆ ಹಿಡಿದರೆ ಅವುಗಳೊಳಗೆ ತೆಳುಗುಲಾಬಿ ಬಣ್ಣ ಸುಳಿದು ಹೋಗುತ್ತಿತ್ತು. ಹರಿದ ಅಂಗಿ ನೆಲ ಒರೆಸುವ ಬಟ್ಟೆಯಾಗುವ ಮೊದಲು ಅದರ ಗುಂಡಿಗಳನ್ನು ಕತ್ತರಿಸಿ ಎತ್ತಿಡುವ ನಮ್ಮ ಹೆಂಗಸರ ಬುದ್ಧಿಯನ್ನು ನಾನು ಯಾವ ಪಾಂಡಿತ್ಯಕ್ಕೂ ಕಡಿಮೆಯೆಂದು ಎಣಿಸಿಲ್ಲ. ಬಟ್ಟೆ ಸೋತರೂ ಗುಂಡಿ ಸೋಲುವುದಿಲ್ಲವೆಂದು ಅವರಿಗೆ ಗೊತ್ತು.

ಇಷ್ಟೆಲ್ಲ ಹೊಗಳಿಕೊಂಡ ಮೇಲೆ ನನ್ನ ಮೂರ್ಖತನವನ್ನೂ ಹೇಳಬೇಕು. ನಮ್ಮೂರಿನ ಗುಜರಿ ಅಂಗಡಿಯ ಬಸವಣ್ಣ ಒಂದು ದಿನ ಶಾಲೆಯ ದಾರಿಯಲ್ಲೇ ನನ್ನನ್ನು ತಡೆದು, "ಮೇಡಮ್ಮೋರೆ, ನಿಮ್ಗೇಂತ್ಲೇ ಎತ್ತಿಟ್ಟಿವ್ನಿ ಕಣಿ" ಎಂದು ಹಳೆಯ ಬಿಸ್ಕತ್ತಿನ ಡಬ್ಬಿಯೊಂದನ್ನು ಕೈಗಿಟ್ಟ. ಒಳಗೆ ಮಾರುದ್ದ, ಎರಡು ಮಾರುದ್ದದ ದಾರಗಳ ರಾಶಿ. ಪ್ರತಿ ದಾರದ ತುದಿಯಲ್ಲಿ ಒಂದೊಂದು ಗುಂಡಿ, ನಡುನಡುವೆ ಅಡ್ಡಾದಿಡ್ಡಿ ಗಂಟುಗಳು. ಗುಂಡಿ ಕಳೆದುಹೋಗದಿರಲೆಂದು ಯಾರೋ ಕಟ್ಟಿಟ್ಟಿದ್ದಾರೆ, ಪಾಪ, ದಾರವೆಲ್ಲ ಸಿಕ್ಕಾಗಿದೆ ಎಂದು ನಾನು ಮರುಕಪಟ್ಟೆ. ಕತ್ತರಿ ತೆಗೆದುಕೊಂಡು ಗುಂಡಿಗಳನ್ನೆಲ್ಲ ಬಿಡಿಸಿದೆ, ಸೀಗೆಪುಡಿಯಲ್ಲಿ ತೊಳೆದೆ, ಬಣ್ಣಕ್ಕೆ ಬಣ್ಣ ಸೇರಿಸಿ ರಟ್ಟಿನ ಮೇಲೆ ಸಾಲಾಗಿ ಹೊಲಿದೆ. ದಾರಗಳನ್ನು ಬಚ್ಚಲ ಒಲೆಗೆ ಹಾಕಿದೆ. ಆ ಸಂಜೆ ನಾನು ಬಹಳ ಸುಖವಾಗಿದ್ದೆ.

ವಾರ ಕಳೆದ ಮೇಲೆ ಉಮ್ಮತ್ತೂರಿನಿಂದ ಪುಟ್ಟತಾಯಮ್ಮ ಎಂಬ ಹೆಂಗಸು ಬಂದರು. ಬಸವಣ್ಣನೇ ನಮ್ಮ ಮನೆಯ ಗುರುತು ಹೇಳಿ ಕಳಿಸಿದ್ದ. ಅರವತ್ತು ದಾಟಿದ ವಯಸ್ಸು, ರವಿಕೆಯ ತೋಳಿಗೆ ಸಿಕ್ಕಿಸಿದ ದಾರ ಪೋಣಿಸಿದ ಸೂಜಿ. ಪಕ್ಷದ ಹಬ್ಬ ಹತ್ತಿರವಾಯಿತೆಂದು ಮನೆಗೆ ಸುಣ್ಣ ಬಳಿಯುವಾಗ ಸೊಸೆ ಆ ಡಬ್ಬಿಯನ್ನು ಹಳೇ ಕಬ್ಬಿಣದ ಜೊತೆ ಗುಜರಿಗೆ ಹಾಕಿಬಿಟ್ಟಿದ್ದಳಂತೆ. ನಾನು ಹೆಮ್ಮೆಯಿಂದಲೇ ರಟ್ಟನ್ನು ತಂದು ತೋರಿಸಿದೆ. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ದಾರ ಎಲ್ಲವ್ವ?" ಎಂದರು.

ಆಮೇಲೆ ತಿಳಿದದ್ದು ಇಷ್ಟು. ಪುಟ್ಟತಾಯಮ್ಮ ಊರಿಗೆಲ್ಲ ರವಿಕೆ, ಅಂಗಿ, ಲಂಗ ಹೊಲಿಯುವವರು. "ನಂಗೆ ಓದಕ್ಕೆ ಬರಿಯಕ್ಕೆ ಬರಲ್ಲ ಕಣವ್ವ, ಬರ್ಕೊಳದೆಲ್ಲಿ?" ಎಂದರು. ಒಬ್ಬೊಬ್ಬರಿಗೆ ಒಂದೊಂದು ದಾರ. ತುದಿಯಿಂದ ಮೊದಲ ಗಂಟಿನವರೆಗೆ ಭುಜ, ಅಲ್ಲಿಂದ ಎರಡನೆಯದರವರೆಗೆ ತೋಳು, ಮೂರನೆಯದರವರೆಗೆ ಎದೆ, ಕೊನೆಯದರವರೆಗೆ ಉದ್ದ. ಯಾರ ದಾರವೆಂದು ಗುರುತಿಗೆ ಅವರದೇ ಬಟ್ಟೆಯ ಒಂದು ಗುಂಡಿ. ನಾನು ಅಂದವೆಂದು ಜೋಡಿಸಿದ್ದ ರಟ್ಟಿನ ಮೇಲೆ ಅವರು ಬೆರಳಿಡುತ್ತಾ ಹೋದರು: ಇದು ಮಾದಮ್ಮ, ಇದು ಗೌಡ್ರ ಮನೆ ಸೊಸೆ, ಇದು ನಂಜಯ್ಯ. ಒಂದು ಊರಿಗೆ ಊರೇ ಆ ಡಬ್ಬಿಯೊಳಗೆ ಅಳತೆಗೆ ಸರಿಯಾಗಿ ಕೂತಿತ್ತು, ಅಕ್ಷರ ಕಲಿಸುವ ಕಸುಬಿನ ನಾನು ಅದನ್ನು ಓದಲಾರದೆ ನೀರು ಕಾಯಿಸಿದ್ದೆ. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಆ ಕೈಯ ಜಾಣ್ಮೆಗೆ ತಲೆ ಬಾಗಿತು.

"ಬದ್ಕಿರೋರ್ದು ಮತ್ತೆ ಅಳ್ತೆ ತಕ್ಕೋಬೋದು, ಅದ್ಕೇನಂತೆ. ಎಲ್ಲಾ ಊದ್ಕಂಡವ್ರೆ, ಎಂಗೂ ಒಸಾ ದಾರವೇ ಬೇಕಿತ್ತು" ಎಂದು ಅವರೇ ನನ್ನನ್ನು ಸಮಾಧಾನ ಮಾಡಿದರು. ಬದುಕಿಲ್ಲದವರೊಬ್ಬರ ದಾರವೂ ಅದರಲ್ಲಿತ್ತು, ಪುಟ್ಟತಾಯಮ್ಮನವರ ಯಜಮಾನರದು. ಪಕ್ಷದಲ್ಲಿ ಹಿರಿಯರಿಗೆ ಎಡೆಯಿಟ್ಟು ಹೊಸ ಬಟ್ಟೆ ಇಡುವುದು ನಮ್ಮ ಕಡೆ ಎಲ್ಲರ ಮನೆಯಲ್ಲೂ ಉಂಟು. ಹೆಚ್ಚಿನವರು ಅಂಗಡಿಯ ಪಂಚೆ, ಟವೆಲು ಇಟ್ಟು ಕೈಮುಗಿಯುತ್ತಾರೆ. ಈಕೆ ಮಾತ್ರ ಗಂಡ ಹೋದಂದಿನಿಂದ ವರ್ಷವರ್ಷವೂ ಅವರದೇ ಅಳತೆಗೆ ಅಂಗಿ ಹೊಲಿದು ಎಡೆಗಿಟ್ಟು, ಮಾರನೆಯ ದಿನ ದಾರಿಯಲ್ಲಿ ಸಿಕ್ಕ ಯಾರಾದರೂ ಬಡವರಿಗೆ ಕೊಟ್ಟುಬಿಡುತ್ತಿದ್ದರು. ಮನೆಯಲ್ಲಿ ಅವರದೊಂದು ಅಂಗಿಯೂ ಉಳಿದಿರಲಿಲ್ಲ. ಉಳಿದಿದ್ದದ್ದು ಆ ದಾರ, ಅದನ್ನು ನಾನು ಸುಟ್ಟಿದ್ದೆ. ಹಬ್ಬಕ್ಕೆ ಇನ್ನು ಹತ್ತು ದಿನವಿತ್ತು.

ಆಕೆ ಬಾಯಿಗೆ ಬಂದಂತೆ ಬೈದಿದ್ದರೆ ನನ್ನ ಎದೆಯ ಭಾರ ಇಳಿಯುತ್ತಿತ್ತು. ಬೈಯಲಿಲ್ಲ. ರಟ್ಟಿಗೆ ಏರಿಸುವಷ್ಟು ಯೋಗ್ಯತೆಯಿಲ್ಲವೆಂದು ನಾನು ತಟ್ಟೆಯಲ್ಲಿ ಬದಿಗಿಟ್ಟಿದ್ದ ಗುಂಡಿಗಳೊಳಗಿಂದ ಅಂಚು ಮುಕ್ಕಾದ ಒಂದು ಬಿಳಿ ಗುಂಡಿಯನ್ನು ತಡವರಿಸದೆ ಆರಿಸಿಕೊಂಡು, "ಒಸಿ ದಾರ ಕೊಡವ್ವ" ಎಂದರು.

ನಡುಮನೆಯಲ್ಲಿ ಎದ್ದು ನಿಂತರು. ಕಣ್ಣು ಮುಚ್ಚಿ ಎರಡೂ ಕೈಗಳನ್ನು ಮುಂದಕ್ಕೆ ಚಾಚಿ, ಎದುರಿಗೆ ನಿಂತವರ ಹೆಗಲ ಮೇಲಿಡುವಂತೆ ಗಾಳಿಯಲ್ಲಿ ಇಟ್ಟರು. ತುಸು ಮೇಲಕ್ಕೆತ್ತಿದರು, ತುಸು ಅಗಲಿಸಿದರು. "ಈಗ ಇಡ್ಕೊ" ಎಂದರು. ಆ ಎರಡು ಅಂಗೈಗಳ ನಡುವಿನ ಖಾಲಿ ಜಾಗವನ್ನು ನಾನು ದಾರ ಹಿಡಿದು ಅಳೆದೆ, ಅವರು ಗಂಟು ಹಾಕಿದರು. ಹಾಗೆಯೇ ತೋಳು, ಹಾಗೆಯೇ ಎದೆ, ಹಾಗೆಯೇ ಉದ್ದ.

"ಸರಿಯಾಗಿದೆಯಾ ಅಮ್ಮಾ?" ಎಂದು ಹೆದರುತ್ತಲೇ ಕೇಳಿದೆ.

"ಒಸಿ ಎಚ್ಚುಕಮ್ಮಿ ಆಗಿರ್ತದೆ ಕಣವ್ವ. ಆಗ್ಲಿ ಬುಡು, ಅವ್ರೇನೂ ಅನ್ನದಿಲ್ಲ. ಇದ್ದಾಗ್ಲೂವೆ ಒಂದಿನ ಬಿಗಿ ಅಂದೋರಲ್ಲ, ಸಡ್ಲ ಅಂದೋರಲ್ಲ" ಎಂದು ಪುಟ್ಟತಾಯಮ್ಮ ಮುಕ್ಕಾದ ಗುಂಡಿಯನ್ನು ತುದಿಗೆ ಬಿಗಿದು, ಉಳಿದ ದಾರವನ್ನು ಹಲ್ಲಿನಿಂದ ಕಡಿದರು.