ಮೊದಲನೆಯದು ಪುಟ್ಟಸ್ವಾಮಿಯದು

ಪುಟ್ಟಸ್ವಾಮಿಯ ಕಿವಿ ಕೆಟ್ಟಿರಲಿಲ್ಲ. ಕೆಟ್ಟಿದೆ ಎಂದು ಅವನನ್ನು ನಂಬಿಸಿದವನು ನಾನು. ಅವನು ಸರಿಯಾಗಿ ಹೇಳಿದ್ದನ್ನು ಎಲ್ಲರೆದುರು ತಪ್ಪು ಎಂದುಬಿಟ್ಟೆ. ಅದು ಸುಳ್ಳೆನ್ನುವುದು ಪರದೆಯ ಹಿಂದೆ ಕೂತಿದ್ದ ನನಗೊಬ್ಬನಿಗೇ ಗೊತ್ತಿತ್ತು. ಇಷ್ಟು ವರ್ಷ ನನಗೊಬ್ಬನಿಗೇ ಗೊತ್ತಿತ್ತು.

ನಾನು ಚನ್ನಪಟ್ಟಣದವನು, ಹೆಸರು ರುದ್ರೇಶ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಮೈಕ್‌ಸೆಟ್ ಅಂಗಡಿಯಲ್ಲಿ ವೈರು ಸುತ್ತುತ್ತಾ, ಯಾರೂ ಹೇಳಿಕೊಡದೆ ಗಿಟಾರ್ ಕಲಿತವನು. ಇವತ್ತು ಸ್ವಂತ ಶಾಮಿಯಾನ, ಸ್ವಂತ ಸೌಂಡ್ ಸಿಸ್ಟಂ ಇದೆ. ಯಾರ ಹಂಗಿನಲ್ಲೂ ಇಲ್ಲ. ಈ ಹೆಮ್ಮೆ ನನಗಿದೆ, ಇಲ್ಲವೆನ್ನುವುದಿಲ್ಲ. ಆದರೆ ಅವತ್ತು ನನ್ನ ಬಾಯಿಂದ ಆ ಮಾತು ಆಡಿಸಿದ್ದೂ ಇದೇ ಹೆಮ್ಮೆ.

ನಮ್ಮದೊಂದು ಆರ್ಕೆಸ್ಟ್ರಾ ಇತ್ತು. ಹಾಡುವವರೂ ಯಜಮಾನರೂ ನಂಜುಂಡಣ್ಣ. ಗಿಟಾರ್ ನನ್ನದು. ಎಕೋ ಮಿಷನ್ ಪುಟ್ಟಸ್ವಾಮಿಯದು. ಈಗಿನವರು ಆ ಮಿಷನ್ ನೋಡಿರಲಿಕ್ಕಿಲ್ಲ. ಟ್ರಂಕಿನಷ್ಟು ದೊಡ್ಡ ಪೆಟ್ಟಿಗೆ, ಒಳಗೆ ಸುತ್ತುತ್ತಲೇ ಇರುವ ಒಂದು ತುಂಡು ಟೇಪು. ನುಡಿಸಿದ ಸ್ವರ ಆ ಟೇಪಿನ ಮೇಲೆ ಕೂತು, ಒಂದು ಗಳಿಗೆ ಬಿಟ್ಟು ಮತ್ತೆ ಕೇಳುತ್ತದೆ, ಮತ್ತೆ ಮತ್ತೆ ಕೇಳಿ ಕರಗುತ್ತದೆ. ಕಲ್ಲುಬಂಡೆಗೆ ಕೂಗಿದರೆ ಕೂಗು ತಿರುಗಿ ಬರುವ ಹಾಗೆ. ರಾಮನಗರದ ಕಡೆಯವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

ಪುಟ್ಟಸ್ವಾಮಿ ಹೊಂಗನೂರಿನವನು. ಕಸುಬು ಬೊಂಬೆ ಕಡೆಯುವುದು. ಹಗಲೆಲ್ಲ ಲೇತ್ ಮುಂದೆ, ಕಾರ್ಯಕ್ರಮವಿದ್ದರೆ ನಮ್ಮ ಜೊತೆ. ಒಂದು ಸಲ ಮಿಷನ್ನಿನೊಳಗೆ ಟೇಪನ್ನು ಒತ್ತಿ ಎಳೆಯುವ ರಬ್ಬರ್ ರೋಲರ್ ಸವೆದುಹೋಯಿತು. ಅಂಥದ್ದು ಬೆಂಗಳೂರಿನಲ್ಲೂ ಸಿಗಲಿಲ್ಲ. ಅವನು ಬೊಂಬೆಗೆ ಬಳಸುವ ಆಲೆ ಮರದ ಚೂರೊಂದನ್ನು ಲೇತಿಗೆ ಕೊಟ್ಟು, ಹೊಸ ರೋಲರ್ ಕಡೆದು, ಮೇಲೆ ಸೈಕಲ್ ಟ್ಯೂಬು ಬಿಗಿದು ಕೂರಿಸಿದ. ಮಿಷನ್ ಓಡಿತು. ಆದರೆ ಟ್ಯೂಬಿನ ಅಂಟು ಕೂಡಿದ ಕಡೆ ಕೂದಲೆಳೆಯಷ್ಟು ಉಬ್ಬಿತ್ತು. ಅದು ಬಂದಾಗಲೆಲ್ಲ ತಿರುಗಿ ಬರುವ ಸ್ವರ ತೊಟ್ಟಿಲಿನಂತೆ ಒಂದಿಷ್ಟು ತೂಗುತ್ತಿತ್ತು. ಕೆಟ್ಟಿತೇನೋ ಎಂದುಕೊಂಡೆವು. ಜನಕ್ಕೆ ಅದೇ ಹಿಡಿಸಿತು. ಕಾರ್ಯಕ್ರಮ ಮುಗಿದ ಮೇಲೆ ಸ್ಟೇಜಿನ ಹತ್ತಿರ ಬಂದವರು ‘ಆ ಗಿಟಾರು ಅಲೆಅಲೆಯಾಗಿ ಬತ್ತದಲ್ಲ, ಅದೆಂಗೆ?’ ಎಂದು ಕೇಳುತ್ತಿದ್ದರು. ನಂಜುಂಡಣ್ಣ ಪುಟ್ಟಸ್ವಾಮಿಯ ಕಡೆ ಕೈ ತೋರಿಸುತ್ತಿದ್ದರು.

ಗಿಟಾರ್ ನುಡಿಸಿದವನು ನಾನು. ಕೈ ತೋರಿಸುತ್ತಿದ್ದುದು ಅವನ ಕಡೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ — ಆದರೆ ಬೀಜ ಬಿದ್ದದ್ದು ಅಲ್ಲಿಯೇ.

ಮಿಷನ್ನಿನಲ್ಲಿ ಕಷ್ಟವೂ ಇತ್ತು, ಅದು ಸುಳ್ಳಲ್ಲ. ಮರಳವಾಡಿಯಲ್ಲಿ ಜನರೇಟರ್ ಬಳಲಿದಾಗ ಟೇಪು ನಿಧಾನವಾಗಿ, ನಂಜುಂಡಣ್ಣನ ದನಿ ಹಾಡಿನ ನಡುವೆಯೇ ಕೆಳಗಿಳಿದು ಎಮ್ಮೆ ಕೂಗಿದಂತಾಯಿತು. ಗುಡೇಮಾರನಹಳ್ಳಿಯಲ್ಲಿ ಟೇಪು ಹರಿದು, ಪುಟ್ಟಸ್ವಾಮಿ ಬ್ಯಾಟರಿ ಬಾಯಲ್ಲಿ ಕಚ್ಚಿಕೊಂಡು ಅಂಟಿಸುವ ತನಕ ಜನ ಶಿಳ್ಳೆ ಹೊಡೆದರು. ಆ ಹೊತ್ತಿಗೆ ಡಿಲೇ ಪೆಡಲ್ ಬಂದಿತ್ತು. ಅಂಗೈಯಗಲದ ಡಬ್ಬಿ, ಕಾಲಲ್ಲಿ ಒತ್ತಿದರೆ ಸಾಕು, ಅದೇ ಎಕೋ. ಟೇಪಿಲ್ಲ, ರೋಲರಿಲ್ಲ, ಹರಿಯುವುದಿಲ್ಲ, ಬಳಲುವುದಿಲ್ಲ. ಕೇಳಿದ ಕೂಡಲೇ ನನಗದು ಬೇಕೆನಿಸಿತು. ಬೇಕೆನಿಸಿದ್ದರಲ್ಲಿ ತಪ್ಪಿರಲಿಲ್ಲ. ಇವತ್ತಿಗೂ ನಾನು ಪೆಡಲನ್ನೇ ಆರಿಸುತ್ತೇನೆ.

ನಮ್ಮ ತಂಡದಲ್ಲಿ ಹೊಸ ಸಾಮಾನು ತರುವ ಮುಂಚೆ ಎಲ್ಲರೂ ಕೂತು ಒಪ್ಪಬೇಕಿತ್ತು. ನಾನು ಯಾರನ್ನೂ ಕೇಳದೆ ಮೊದಲೇ ತಂದೆ. ತಂದ ಮೇಲೆ ಕೇಳಲು ಹೋದೆ. ಇನ್ನು ಬೇಡವೆನಿಸಿಕೊಂಡು ಬರಲು ನನ್ನಿಂದಾಗುತ್ತಿರಲಿಲ್ಲ.

ನಂಜುಂಡಣ್ಣ ಬಯ್ಯಲಿಲ್ಲ. ‘ಲೇ ರುದ್ರ, ಬಾಯಲ್ಲಿ ಯಾಕೆ ಜಗಳ? ಕಿವಿ ಹೇಳ್ಲಿ. ಮರೇಲಿ ಕೂತ್ಕಂಡು ಎರಡ್ರಲ್ಲೂ ನುಡ್ಸು. ವ್ಯತ್ಯಾಸ ಗೊತ್ತಾಯ್ತಾ, ಮಿಷನ್ನೇ ಇರ್ಲಿ. ಗೊತ್ತಾಗ್ನಿಲ್ವಾ, ಡಬ್ಬಿ ತಕ್ಕಳಾದು’ ಎಂದರು.

ಒಂದು ಭಾನುವಾರ ಬೆಳಿಗ್ಗೆ, ನನ್ನ ಗೋಡೌನಿನಲ್ಲೇ, ಶಾಮಿಯಾನದ ಬಟ್ಟೆಯೊಂದನ್ನು ಅಡ್ಡ ಕಟ್ಟಿದೆವು. ಹಿಂದೆ ನಾನು, ಗಿಟಾರು, ಮಿಷನ್, ಪೆಡಲ್. ಮುಂದೆ ಸ್ಪೀಕರು, ತಂಡದವರು. ಶುರು ಮಾಡುವ ಮುಂಚೆ ಪುಟ್ಟಸ್ವಾಮಿ ಕೂಗಿ ಹೇಳಿದ:

‘ಲೇ ರುದ್ರ, ಎರಡು ಸಲಾನೂವೆ ಮಿಷನ್ ಓಡ್ತಾನೇ ಇರ್ಲಿ ಕಣ್ಲಾ. ಮೋಟ್ರು ಸದ್ದಲ್ಲಿ ನಂಗೆ ಗೊತ್ತಾಗ್ಬುಟ್ರೆ ಮೋಸ ಆಯ್ತದೆ.’

ಅವನಿಗೆ ಅನುಕೂಲವಾಗಬಹುದಾದ ಸಣ್ಣದೊಂದು ಮೋಸವನ್ನೂ ಅವನೇ ಮುಚ್ಚಿದ. ಆ ಮಾತನ್ನು ನಾನು...

ಮೊದಲು ವೈರನ್ನು ಮಿಷನ್ನಿಗೆ ಕೊಟ್ಟು ನುಡಿಸಿದೆ. ಆಮೇಲೆ ಪೆಡಲ್ಲಿಗೆ ಕೊಟ್ಟು ಅದೇ ತುಣುಕನ್ನು ನುಡಿಸಿದೆ. ತುಣುಕು ಚಿಕ್ಕದು, ತೂಗಾಟ ಎದ್ದು ಕೇಳುವಷ್ಟು ಹೊತ್ತಿರಲಿಲ್ಲ. ಮುಂದೆ ಕೂತವರಲ್ಲಿ ಗೊಂದಲ. ‘ಎರಡೂ ಒಂದೇ ತರ ಐತಲ್ಲಪ್ಪ’ ಎಂದರು ನಂಜುಂಡಣ್ಣ. ‘ಪುಟ್ಟಸ್ವಾಮಿ, ಯಾವ್ದ್ಲಾ ನಿಂದು?’

‘ಮೊದಲ್ನೇದು. ಅದ್ರಲ್ಲಿ ನನ್ನ ರೋಲರ್ರು ತೂಗ್ತಾ ಐತೆ. ಎರಡ್ನೇದು ಮಲಗ್ಬುಟ್ಟೈತೆ!’

ನಗುತ್ತಾ ಹೇಳಿದ. ಒಂದು ಚೂರೂ ಅನುಮಾನವಿರಲಿಲ್ಲ ಅವನಿಗೆ. ನಾನು ಬಟ್ಟೆ ಸರಿಸಿ ತಲೆ ಹೊರಗೆ ಹಾಕಿದೆ.

‘ಮೊದಲ್ನೇದು ಪೆಡಲ್ಲು. ನಿಂದು ಎರಡ್ನೇದು.’

ಎಲ್ಲರೂ ಗೊಳ್ಳೆಂದು ನಕ್ಕರು. ‘ಲೇತ್ ಸದ್ದಿಗೆ ಕಿವಿ ತೂತು ಬಿದ್ದೋಗೈತೆ ಬುಡ್ಲಾ ನಿಂಗೆ’ ಎಂದ ಡ್ರಮ್ಸ್‌ನವನು. ಪುಟ್ಟಸ್ವಾಮಿಯೂ ನಗಲು ನೋಡಿದ. ಆಗಲಿಲ್ಲ. ಬಲಗಿವಿಯನ್ನು ಬೆರಳಿನಿಂದ ಒಸಿ ಒತ್ತಿಕೊಂಡು, ‘ಇನ್ನೊಂದ್ಸಲ ನುಡ್ಸ್ಲಾ’ ಎಂದ. ಮೆಲ್ಲಗೆ, ಬೇಡುವವನ ಹಾಗೆ.

ನುಡಿಸಬಹುದಿತ್ತು. ನುಡಿಸಿದ್ದರೆ ಸಿಕ್ಕಿಬೀಳುತ್ತಿದ್ದೆ.

‘ಯಾಕ್ಲಾ, ನನ್ನ ಮೇಲೆ ನಂಬ್ಕೆ ಇಲ್ವಾ?’ ಎಂದೆ.

ಇತ್ತು. ಅದೇ ಆದದ್ದು. ತನ್ನ ಕಿವಿಗಿಂತ ನನ್ನ ಮಾತನ್ನು ಅವನು ಹೆಚ್ಚು ನಂಬಿದ. ‘ಹಂಗಾದ್ರೆ ನಂದೇ ತಪ್ಪು’ ಎಂದವನೇ ಎದ್ದು, ಮಿಷನ್ನಿನ ಮೇಲೆ ಹೊದಿಸುವ ಬಟ್ಟೆಯನ್ನು ಮಡಿಸಿ ನನ್ನ ಕೈಗಿಟ್ಟ. ‘ನೀನೇ ಇಟ್ಕ. ಕೇಳ್ಸ್ದೆ ಇರೋನಿಗೆ ಇದ್ಯಾಕೆ?’ ಕಾರ್ಯಕ್ರಮಗಳಿಗೆ ಬರುವುದನ್ನೂ ಬಿಟ್ಟ. ಕರೆದರೆ ಲೇತ್ ಕೆಲಸ ಜಾಸ್ತಿ ಎನ್ನುತ್ತಿದ್ದ.

ಇದು ಇಷ್ಟಕ್ಕೇ ನಿಂತಿದ್ದರೆ ಒಬ್ಬನ ಜಾಗ ಕಿತ್ತುಕೊಂಡೆ ಎಂದುಕೊಂಡು ಇರುತ್ತಿದ್ದೆನೋ ಏನೋ. ಕೆಲವು ವರ್ಷ ಕಳೆದ ಮೇಲೆ ಏನೋ ಕೆಲಸಕ್ಕೆ ಅವನ ಮನೆಗೆ ಹೋದೆ. ಬೊಂಬೆ ಕಡೆಯುವ ಮರ ಹದವಾಗಿ ಒಣಗಿದೆಯೇ ಎನ್ನುವುದನ್ನು ಪುಟ್ಟಸ್ವಾಮಿ ಮೊದಲಿಂದಲೂ ತಟ್ಟಿ ಕೇಳಿಯೇ ಹೇಳುತ್ತಿದ್ದ. ಅವತ್ತು ನೋಡಿದರೆ ಮರ ತಟ್ಟುತ್ತಿದ್ದವಳು ಅವನ ಹೆಂಡತಿ ಜಯಮ್ಮ. ಅವನು ಪಕ್ಕದಲ್ಲಿ ಕೂತು ಅವಳ ಮುಖ ನೋಡುತ್ತಿದ್ದ.

‘ಒಣಗೈತಾ?’

‘ಐತೆ ಕಣ್ರೀ, ಟಣ್ ಅಂತದಲ್ಲ, ಕೇಳಲ್ವಾ ನಿಮ್ಗೆ?’

‘ಕೇಳ್ದಂಗಾಯ್ತದೆ. ನಂಬಂಗಿಲ್ಲ’ ಎಂದ. ನನ್ನ ಕಡೆ ತಿರುಗಿ ನಕ್ಕ. ‘ನಿಂಗೇ ಗೊತ್ತಲ್ಲ ರುದ್ರ, ನನ್ನ ಕಿವಿ ಕತೆ.’

ಜಯಮ್ಮ ಕೊಟ್ಟ ಟೀ ಕುಡಿದು ಬಂದೆ. ಅವತ್ತೂ ಹೇಳಲಿಲ್ಲ. ಇದು ಎರಡನೆಯ ತಪ್ಪು — ಮೊದಲನೆಯದಕ್ಕಿಂತ ದೊಡ್ಡದು. ಅದು ಆತುರದಲ್ಲಿ ಬಂದ ಮಾತು. ಇದು ಯೋಚಿಸಿ ನುಂಗಿದ ಮಾತು.

ಪೆಡಲ್ ಚೆನ್ನಾಗಿಯೇ ನಡೆಯಿತು. ಒಂದು ದಿನವೂ ಕೈ ಕೊಡಲಿಲ್ಲ. ‘ಪುಟ್ಟಸ್ವಾಮಿ, ನಿನ್ನ ಮಿಷನ್ನೇ ಚೆಂದ ಕೇಳುತ್ತದೆ, ಆದರೆ ಇದು ಹಗುರ, ಕೆಡುವುದಿಲ್ಲ, ಇದನ್ನೇ ಇಟ್ಟುಕೊಳ್ಳೋಣ’ ಎಂದಿದ್ದರೆ ಮುಗಿಯುತ್ತಿತ್ತು. ಆ ಡಬ್ಬಿಯನ್ನು ಅವನೇ ಜೇಬಿನಲ್ಲಿಟ್ಟುಕೊಂಡು ಊರೂರು ಬರುತ್ತಿದ್ದ. ಅಷ್ಟು ಹೇಳಲು ನನಗೆ ಬಾಯಿ ಬರಲಿಲ್ಲ.

ಈ ವರ್ಷ ಆ ಪೆಡಲ್ ಕೊನೆಗೂ ಸುಟ್ಟುಹೋಯಿತು. ಹೊಸದು ಕೊಳ್ಳಲು ಬೆಂಗಳೂರಿಗೆ ಹೋದೆ. ಅಂಗಡಿಯವನು ಒಂದು ಗುಂಡಿ ತೋರಿಸಿದ. ‘ಇದನ್ನ ತಿರುಗಿಸಿದ್ರೆ ಹಳೇ ಟೇಪ್ ಮಿಷನ್ ಥರ ಅಲ್ಲಾಡುತ್ತೆ ಸಾರ್. ಈಗ ಎಲ್ಲರೂ ಕೇಳೋದು ಇದನ್ನೇ’ ಎಂದ. ತಿರುಗಿಸಿದೆ. ಒಂದು ಸ್ವರ ನುಡಿಸಿದೆ. ತೂಗಿತು. ಪುಟ್ಟಸ್ವಾಮಿಯ ಸೈಕಲ್ ಟ್ಯೂಬಿನ ಅಂಟು ಸುತ್ತು ಬಂದಂತೆಯೇ... ಜನ ನೋಡುತ್ತಿದ್ದಾರೆನ್ನುವುದೂ ಮರೆತು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ.

ಹೋದ ವಾರ ಹೊಂಗನೂರಿಗೆ ಹೋದೆ. ಮಿಷನ್ನನ್ನು ಸ್ಕೂಟರಿನ ಹಿಂದೆ ಕಟ್ಟಿಕೊಂಡು ಹೋಗಿ ಅವನ ಜಗಲಿಯ ಮೇಲೆ ಇಳಿಸಿದೆ. ಬಟ್ಟೆ ಸಮೇತ. ಅವನು ಲೇತ್ ನಿಲ್ಲಿಸಿ ನೋಡಿದ.

‘ಅವತ್ತು ನೀನು ಹೇಳಿದ್ದೇ ಸರಿ ಪುಟ್ಟಸ್ವಾಮಿ. ಮೊದಲ್ನೇದು ನಿಂದೇ. ನಾನು ಸುಳ್ಳು ಹೇಳ್ದೆ.’

ದಾರಿಯುದ್ದಕ್ಕೂ ಇನ್ನೂ ಏನೇನೋ ಜೋಡಿಸಿಕೊಂಡು ಹೋಗಿದ್ದೆ. ಅಷ್ಟು ಹೇಳಿದ ಮೇಲೆ ಉಳಿದದ್ದೆಲ್ಲ ನೆಪವೆನಿಸಿತು. ಹೇಳಲಿಲ್ಲ.

ಅವನು ಬಟ್ಟೆ ಸರಿಸಿ, ಮುಚ್ಚಳ ತೆಗೆದು, ಒಳಗಿನ ರೋಲರ್ ಮುಟ್ಟಿ ನೋಡಿದ. ಆಮೇಲೆ ಕೇಳಿದ: ‘ತೂಗ್ತಾ ಇತ್ತಲ್ವಾ?’

‘ತೂಗ್ತಾ ಇತ್ತು.’

‘ಇಷ್ಟು ವರ್ಷ ಅವಳ ಕೈಲಿ ಮರ ತಟ್ಟಿಸ್ದೆ ಕಣೋ’ ಎಂದ. ಬಯ್ಯಲಿಲ್ಲ. ಬಯ್ದಿದ್ದರೆ ನಿಂತು ಕೇಳಬಹುದಿತ್ತು. ಯಾವತ್ತೂ ಟೀ ಕುಡಿಸದೆ ಕಳಿಸದವನು ಕೂರು ಎನ್ನಲೂ ಇಲ್ಲ. ಅದನ್ನು ಕೇಳುವ ಹಕ್ಕು ನನಗಿಲ್ಲ. ಮುಂದೆಯೂ ಅವನಾಗಿ ಕರೆಯದೆ ನಾನು ಆ ಜಗಲಿ ಹತ್ತುವುದಿಲ್ಲ.

ಗಾಡಿಯ ಹತ್ತಿರ ಬಂದು ಕೀ ತಿರುಗಿಸುವಷ್ಟರಲ್ಲಿ ಹಿಂದೆ ಸದ್ದಾಯಿತು. ಮರ ತಟ್ಟುವ ಸದ್ದು. ಒಂದು ಸಲ. ಆಮೇಲೆ ಸುಮ್ಮನೆ. ಮತ್ತೆ ಅದೇ ಮರ, ಇನ್ನೊಂದು ಸಲ. ಜಯಮ್ಮ ಬೀದಿ ನಲ್ಲಿಯ ಹತ್ತಿರ, ನನ್ನ ಎದುರಿಗೇ ಬಿಂದಿಗೆ ಹಿಡಿದು ನಿಂತಿದ್ದಳು.

ಗಾಡಿ ಸ್ಟಾರ್ಟ್ ಮಾಡಲಿಲ್ಲ. ಆ ಮರದ ಸದ್ದಿನ ನಡುವೆ ಗಾಡಿಯ ಸದ್ದು ಅವನ ಕಿವಿಗೆ ಬೀಳುವುದು ಬೇಡವೆನಿಸಿ, ಬೀದಿಯ ತುದಿಯವರೆಗೂ ತಳ್ಳಿಕೊಂಡೇ ಹೋದೆ.