ಕುಂಕುಮ ಬಾರದ ಕುಬಸ

ನಮ್ಮ ಮನೆತನದಲ್ಲಿ ಕುಬಸದ, ಅಂದರೆ ಸೀಮಂತದ ದಿನ ಚೊಚ್ಚಲ ಬಸುರಿಗೆ ಮೊದಲ ಹಸಿರು ಬಳೆ ತೊಡಿಸುವವಳು ಸೋದರತ್ತೆ. ನನಗೆ ತೊಡಿಸಿದ್ದು ಅಪ್ಪನ ಅಕ್ಕ. ಆಕೆಯನ್ನು ಕರೆಯಲು ಅಪ್ಪ, ಅವ್ವ ಇಬ್ಬರೂ ದೋರನಹಳ್ಳಿಯಿಂದ ಕೆಂಭಾವಿಗೆ ಹೋಗಿ, ಹಣೆಗೆ ಕುಂಕುಮ ಹಚ್ಚಿ, ಉಂಡು ಬಂದಿದ್ದರು. ಕುಂಕುಮ ಬಾರದೆ ಹೆಣ್ಣುಮಗಳು ತವರಿನ ಕಾರ್ಯಕ್ಕೂ ಹೊಸ್ತಿಲು ದಾಟುವುದಿಲ್ಲ. ಇದು ಬಿಗುಮಾನವಲ್ಲ, ನಡೆದುಬಂದದ್ದು.

ಈ ವರ್ಷ ತಮ್ಮನ ಮಗಳು ಬಸುರಿಯಾದಳು. ಏಳನೇ ತಿಂಗಳು ಹಿಡಿಯುತ್ತಲೇ ನಾನು ಶಹಾಪುರದ ಬಜಾರಿನಲ್ಲಿ ಹಸಿರು ಖಣ ಕೊಂಡು ಕುಬಸದ ರವಿಕೆ ಹೊಲಿಸಿದೆ. ದೀಪಾವಳಿಗೆ ಬಂದಾಗ ಅವಳು ಬಿಟ್ಟುಹೋಗಿದ್ದ ಬಳೆಯೊಂದನ್ನು ಅಳತೆಗೆಂದು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ, ಬಸುರಿಯ ಕೈ ಬಾವು ಬರುತ್ತದೆಂದು ಅದಕ್ಕಿಂತ ಒಂದು ಗೆರೆ ದೊಡ್ಡವನ್ನೇ ಆರಿಸಿ ತಂದೆ.

ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದೆ. ಫೋನು ಟಿಣ್ ಎಂದಿತು. ಹಿಟ್ಟಿನ ಬೆರಳಿನಿಂದಲೇ ತೆರೆದೆ. ಕುಬಸದ ಕಾರ್ಡಿನ ಚಿತ್ರ. ಮೇಲೆ ಗಣಪತಿ, ಕೆಳಗೆ ತಮ್ಮನ ಹೆಸರು, ಬರುವ ಸೋಮವಾರ. ಚಿತ್ರ ಮುಂದೆ ಬಂದಿದೆ, ಗಂಡಹೆಂಡತಿ ಹಿಂದೆ ಬರುತ್ತಾರೆ ಎಂದುಕೊಂಡೆ. ನಾನು ಮಾಡಿದ ತಪ್ಪು ಇದೇ.

ತವರೂರು ದೋರನಹಳ್ಳಿ ಎಷ್ಟು ದೂರ? ಬಸ್ಸಿನಲ್ಲಿ ಕೂತು ಎಲೆಅಡಿಕೆ ಅಗಿದು ಮುಗಿಸುವಷ್ಟರಲ್ಲಿ ಇಳಿಯುವ ಊರು. ರವಿವಾರ ಸಂಜೆಯವರೆಗೂ ಬಾಗಿಲು ನೋಡಿದೆ. ಅಷ್ಟು ದಿನ ಫೋನು ಸುಮ್ಮನಿತ್ತೆಂದಲ್ಲ. ಹೂರಣಕ್ಕೆ ಬೆಲ್ಲ ಎಷ್ಟು, ಹೂವಿನವನು ಎಲ್ಲಿ ಕೂಡುತ್ತಾನೆ ಎಂದು ತಮ್ಮ ದಿನಕ್ಕೆ ಮೂರು ಸಲ ಮಾಡುತ್ತಿದ್ದ. ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತಾಗಲೂ ಬಡಿದುಕೊಳ್ಳುತ್ತಿತ್ತು. ಪೂಜೆ ಮುಗಿಸಿ ನಾನೇ ತಿರುಗಿ ಮಾಡಿದರೆ ಬೈಗುಳ.

"ಎಲ್ಲಿ ಹೋಗಿದ್ದಿ ಅಕ್ಕಾ? ಫೋನ್ ಸಂಗಾಟ ಇಟ್ಕೊಳ್ಳಾಕ ಏನ್ ಧಾಡಿ?"

"ಶಿವನ ಸಂಗಾಟ ಇದ್ದೆ."

"ಎರಡು ನಿಮಿಷ ಹೋಲ್ಡ್ ಮಾಡಂತ ಹೇಳು ಅವಗ!"

ನಕ್ಕೆ. ಆದರೆ 'ಬಾ' ಎಂದು ಅವನು ಒಮ್ಮೆಯೂ ಅನ್ನಲಿಲ್ಲ. ನನ್ನನ್ನು ಕರೆಯಿರಿ ಎಂದು ಕೇಳಲು ನನಗೆ ನಾಲಿಗೆ ಏಳಲಿಲ್ಲ.

ಸೋಮವಾರ ಹೊತ್ತೇರುವಾಗ ರೊಟ್ಟಿಗೆ ಹಿಟ್ಟು ನಾದುತ್ತಿದ್ದೆ, ವಿಡಿಯೋ ಕಾಲ್ ಬಂತು. ತಮ್ಮನ ಹೆಂಡತಿ. ಮುಡಿ ತುಂಬ ಮಲ್ಲಿಗೆ.

"ಅಕ್ಕಾರ, ಬಸ್ ಇಳದ್ರ್ಯಾ?"

"ಮನ್ಯಾಗ ಅದೀನಿ. ಕರ್ಯಾಕ ಯಾರ್ ಬಂದಿದ್ರು?"

"ಅಯ್ಯ, ಕಾರ್ಡ್ ಹಾಕಿದ್ವಿ ಅಲ್ರಿ! ನೀಲಿ ಗುರುತು ಬಿದ್ದಾವ. ನೀವು ನೋಡೀರಿ."

"ನೋಡೀನವ್ವಾ. ಅದರಾಗ ಕುಂಕುಮ ಕಾಣಲಿಲ್ಲ."

ಹಿಂದಿನಿಂದ ಯಾರೋ ನಕ್ಕರು. "ಅಲ್ಲಿಂದನ ಹರಸ್ರಿ, ಹೊತ್ತು ಮೀರತದ," ಎಂದು ತಮ್ಮನ ಹೆಂಡತಿ ಫೋನನ್ನು ಹುಡುಗಿಯ ಕಡೆ ತಿರುಗಿಸಿದಳು. ಮಣೆಯ ಮೇಲೆ ನನ್ನ ಸೋದರಸೊಸೆ. ಅವಳ ಮುಂದೆ ಕೂತು ಬಳೆ ಏರಿಸುತ್ತಿದ್ದವಳು ಪಕ್ಕದ ಮನೆಯಾಕೆ. ಹುಡುಗಿ ಕೈ ಎತ್ತಿ ನನಗೆ ತೋರಿಸಿ ಮೆಲ್ಲಗೆ ಅಂದಳು: "ಬಿಗಿ ಆಗ್ಯಾವ, ಅತ್ತೀ."

ಸರಿ ಅಳತೆಯ ಬಳೆ ನನ್ನ ಟ್ರಂಕಿನಲ್ಲಿದ್ದವು. ಡಬ್ಬಿಯಿಂದ ನಾಲ್ಕು ಕಾಳು ಅಕ್ಕಿ ತೆಗೆದು ಅವಳ ಮುಖದ ಮೇಲೆ ಹಾಕಿದೆ. ಗಾಜಿಗೆ ತಾಗಿ ಹಿಟ್ಟಿನ ಪರಾತದೊಳಗೆ ಬಿದ್ದವು. ಕಣ್ಣು ಒರೆಸಿಕೊಂಡ ಸೆರಗಿನಿಂದಲೇ ಗಾಜನ್ನೂ ಒರೆಸಿದೆ. ಕಾಲ್ ಕಟ್ಟಾಯಿತು.

ಅಂದಿನಿಂದ ತವರಿನ ಫೋನು ಎತ್ತಲಿಲ್ಲ. ಬೆಳಿಗ್ಗೆ ಬಡಿದುಕೊಂಡಿತು, ಮಧ್ಯಾಹ್ನ ಬಡಿದುಕೊಂಡಿತು. ಬರುವ ಮೆಸೇಜನ್ನೂ ತೆರೆಯಲಿಲ್ಲ. ನಾಲ್ಕನೇ ದಿನ ಅಂಗಳದಲ್ಲಿ ತಮ್ಮನ ಗಾಡಿ ನಿಂತಿತು. ಹೆಲ್ಮೆಟ್ ತೆಗೆಯುವ ಮೊದಲೇ ಕೂಗಾಟ.

"ಫೋನ್ ಯಾಕ ಎತ್ತವಲ್ಲಿ? ಜೀವಕ್ಕ ಏನರ ಆಯ್ತೇನೋ ಅಂತ ಎಲ್ಲಾ ಕೆಲಸ ಬಿಟ್ಟು ಓಡಿಬಂದೀನಿ!"

"ಬಂದಿ ಅಲ್ಲ. ಕೂಡು. ರೊಟ್ಟಿ ಬಿಸಿ ಅದಾವ."

ಪುಂಡಿಪಲ್ಯ ಹಚ್ಚಿ ಎರಡು ರೊಟ್ಟಿ ಉಂಡ. ಎಷ್ಟೋ ದಿನಕ್ಕೆ ತಮ್ಮ ನನ್ನ ಒಲೆಯ ಮುಂದೆ ಕೂತು ಉಂಡನಲ್ಲ, ಶಿವ ಕೊಟ್ಟದ್ದು ಎಂದುಕೊಂಡೆ. ಎಡಗೈ ಮಾತ್ರ ಫೋನು ಸರಿಸುತ್ತಲೇ ಇತ್ತು. ಊಟ ಮುಗಿಸಿ ಅದನ್ನು ಜೇಬಿಗಿಟ್ಟು ಕೈ ತೊಳೆದುಬಂದ. ನಾನು ಬಳೆಯ ಡಬ್ಬಿ ತಂದು ಮುಂದಿಟ್ಟೆ. ಮುಚ್ಚಳ ತೆರೆದು ನೋಡಿದ.

"ಕೊಡು, ನಾನೇ ಒಯ್ತೀನಿ."

"ಒಯ್ಯೋವಲ್ಲಪ್ಪಾ ಇವು. ನನ್ನ ಕೈಲೆ ತೊಡಸೋವು."

"ಹಂಗಾದ್ರ ತೊಟ್ಟಿಲಿಗೆ ಬಾ. ಆಗ ಖರೇನ ಕರೀತೀನಿ."

"ಹ್ಯಾಂಗ ಕರೀತಿ?"

ಅವನ ಕೈ ತಾನಾಗಿಯೇ ಜೇಬಿಗೆ ಹೋಯಿತು. ಅರ್ಧಕ್ಕೆ ನಿಂತಿತು. ದೇವರ ಜಗಲಿಯ ಮೇಲಿನ ಕುಂಕುಮದ ಭರಣಿಯ ಕಡೆ ನೋಡಿದ. ಒಂದು ತಂಬಿಗೆ ನೀರು ಕುಡಿದು, "ಫೋನ್ ಎತ್ತವ್ವಾ ಯಕ್ಕಾ, ಎದಿ ಒಡೀತದ ನಮಗ," ಎಂದು ಗಾಡಿ ಹತ್ತಿದ.

ಸಂಜೆ 'ಮುಟ್ಟಿದೆ' ಎಂಬ ಮೆಸೇಜು ಬಂತು. ತೆರೆದೆ. ನೀಲಿ ಗುರುತು ಅವನಿಗೆ ಬಿದ್ದಿರಬೇಕು. ಉತ್ತರ ಬರೆಯಲಿಲ್ಲ. ಬಳೆಯ ಡಬ್ಬಿಯನ್ನು ಜಗಲಿಯ ಕೆಳಗೆ ಇಟ್ಟು ಲಿಂಗಪೂಜೆಗೆ ಕೂತೆ. ದಿನಾ ಕಣ್ಣು ಮುಚ್ಚಿ ಅಂದಂದು ದೊರೆತ ಒಳ್ಳೆಯದನ್ನು ಶಿವನ ಮುಂದೆ ನೆನೆಯುವುದು ನನ್ನ ರೂಢಿ. ಆ ದಿನವೂ ನೆನೆದೆ: ತಮ್ಮ ಬಂದ, ಉಂಡ, ಸುಖವಾಗಿ ಊರು ಮುಟ್ಟಿದ. ಅದರ ಮುಂದಿನದನ್ನು ಎಷ್ಟು ತಳ್ಳಿದರೂ ಮನಸ್ಸು ಬಿಡಲಿಲ್ಲ. ಅಕ್ಕ ಸತ್ತಿರಬಹುದೆಂದು ಬಂದ, ಕರೆಯಲೆಂದು ಬರಲಿಲ್ಲ.